ಎಥೆರಿಯಂ ಅಪ್‌ಗ್ರೇಡ್ ಆದರೆ ನಮ್ಮ ಹತ್ತಿರ ಇರೋ ಕಾಯಿನ್ ಬದಲಾಯಿಸಬೇಕಾ?

ಮಂಡಿಪೇಟೆ ಲೆಕ್ಕಿಗ (ದಾವಣಗೆರೆ):
ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ. ನಾನು ಮಂಡಿಪೇಟೆಯಲ್ಲಿ ಅಂಗಡಿ ಲೆಕ್ಕ ಬರೆಯುವವನು. ಸ್ವಲ್ಪ ಎಥೆರಿಯಂ ಅನ್ನೋ ಕ್ರಿಪ್ಟೋ ಕಾಯಿನ್ ತಗೊಂಡು ಫೋನಿನ ವ್ಯಾಲೆಟ್ ಆ್ಯಪ್‌ನಲ್ಲೇ ಇಟ್ಟಿದ್ದೇನೆ. ನಿನ್ನೆ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬಂತು: "ನೆಟ್‌ವರ್ಕ್ ಅಪ್‌ಗ್ರೇಡ್ ಆಗಿದೆ, ಹಳೇ ಕಾಯಿನ್ ಭಾನುವಾರದ ನಂತರ ನಡೆಯಲ್ಲ, ಲಿಂಕ್ ಒತ್ತಿ ನಿಮ್ಮ 12 ಪದ ಹಾಕಿ, ಹೊಸ ಕಾಯಿನ್ ಬರುತ್ತೆ." ಅಪ್‌ಗ್ರೇಡ್ ಆಗಿರೋದು ನಿಜ ಅಂತ ಸುದ್ದಿಯಲ್ಲೂ ಓದಿದೆ, ಹಾಗಾಗಿ ತಲೆ ಕೆಟ್ಟಿದೆ. ಅಪ್‌ಗ್ರೇಡ್‌ನಲ್ಲಿ ಬದಲಾಗೋದು ಏನು? ನಾನೇನು ಮಾಡಬೇಕು?

ಕೋಟೆ ಕಡೆಯವ (ಚಿತ್ರದುರ್ಗ):
ಲಿಂಕ್ ಮುಟ್ಟಲೇಬೇಡಿ ಸರ್. ಆ 12 ಪದ ಅಂದ್ರೆ ವ್ಯಾಲೆಟ್‌ನ ಬೀಗದ ಕೈ ಇದ್ದ ಹಾಗೆ, ಅದನ್ನು ಕೇಳಿದ ಅಂದ್ರೆ ಕಳ್ಳ, ಎರಡು ಮಾತಿಲ್ಲ. ಪಾಸ್‌ವರ್ಡ್ ಆದರೆ ಬದಲಾಯಿಸಬಹುದು, ಈ ಪದಗಳನ್ನು ಬದಲಾಯಿಸೋಕೆ ಆಗಲ್ಲ. ಒಮ್ಮೆ ಕೈತಪ್ಪಿದರೆ ಆ ವ್ಯಾಲೆಟ್ ಅವನದೇ.

ವಿದ್ಯಾನಗರ ನೋಡ್:
ನೀವು ಲೆಕ್ಕದವರು, ನಿಮಗೆ ಬೇಗ ಅರ್ಥವಾಗುತ್ತದೆ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ದರ ಬದಲಾಯಿತಲ್ಲ, ಆಗ ಟ್ಯಾಲಿಯಲ್ಲಿ ದರ ತಿದ್ದಿದ್ದು ನೀವು. ಗಿರಾಕಿಯ ಜೇಬಿನ ನೋಟು ಹಾಗೇ ಇತ್ತು. ಇದೂ ಅಷ್ಟೇ. ಎಥೆರಿಯಂ ಅಂದರೆ ಪ್ರಪಂಚದ ತುಂಬ ಇರೋ ಸಾವಿರಾರು ಕಂಪ್ಯೂಟರುಗಳು ಒಂದೇ ಲೆಕ್ಕವನ್ನು ಒಂದೇ ನಿಯಮದಲ್ಲಿ ಬರೆಯೋದು. ನಿಯಮ ಬದಲಾದಾಗ ಆ ಕಂಪ್ಯೂಟರ್ ನಡೆಸುವವರು, ಅಂದ್ರೆ ನೋಡ್‌ನವರು, ಗೊತ್ತುಮಾಡಿದ ದಿನದೊಳಗೆ ಸಾಫ್ಟ್‌ವೇರ್ ಹೊಸದು ಹಾಕಬೇಕು. ಕಾಯಿನ್ ಇಟ್ಟುಕೊಂಡವರಿಗೆ ಕೆಲಸವೇ ಇಲ್ಲ.

ಒಂದೇ ವ್ಯತ್ಯಾಸ ಅಂದರೆ ಜಿಎಸ್‌ಟಿಗೆ ಸರ್ಕಾರ ಇದೆ, ಇಲ್ಲಿ ಹೇಳೋರು ಕೇಳೋರು ಯಾರೂ ಇಲ್ಲ. ಒಪ್ಪದವರು ಹಳೇ ನಿಯಮದಲ್ಲೇ ಮುಂದುವರಿಯಬಹುದು, ಆಗ ಒಂದು ಲೆಕ್ಕ ಎರಡಾಗುತ್ತದೆ. 2016ರಲ್ಲಿ ಹಾಗೇ ಆಯಿತು. ದಿ ಡಾವೋ ಅನ್ನೋ ಯೋಜನೆಯಿಂದ ಕದ್ದ ಹಣ ವಾಪಸ್ ತರೋಕೆ ನಿಯಮ ಬದಲಾಯಿಸಿದರು. ಕೆಲವರು ಇದು ಸರಿಯಲ್ಲ ಅಂತ ಹಳೇ ದಾರಿಯಲ್ಲೇ ಉಳಿದರು, ಅದೇ ಇವತ್ತಿನ ಎಥೆರಿಯಂ ಕ್ಲಾಸಿಕ್. ಆಗಲೂ ಯಾರ ಕಾಯಿನ್ನೂ ಮಾಯ ಆಗಲಿಲ್ಲ, ಎರಡೂ ಕಡೆ ಇತ್ತು.

2022ರ ಸೆಪ್ಟೆಂಬರ್ 15ರ 'ಮರ್ಜ್' ಇದಕ್ಕಿಂತ ದೊಡ್ಡದು. ಕಂಪ್ಯೂಟರುಗಳು ಪೈಪೋಟಿಯಲ್ಲಿ ಲೆಕ್ಕ ಬಿಡಿಸಿ ಹೊಸ ಪುಟ ಬರೆಯುತ್ತಿದ್ದ, ಕರೆಂಟ್ ತಿನ್ನೋ ಮೈನಿಂಗ್ ಪೂರ್ತಿ ನಿಂತುಹೋಗಿ, 32 ಈಥರ್ (ಎಥೆರಿಯಂನ ಕಾಯಿನ್ ಹೆಸರೇ ಈಥರ್) ಠೇವಣಿ ಇಟ್ಟವರು ಲೆಕ್ಕ ಪರಿಶೀಲಿಸುವ ಪದ್ಧತಿ ಬಂತು. ವಿದ್ಯುತ್ ಬಳಕೆ ಶೇ. 99ಕ್ಕಿಂತ ಜಾಸ್ತಿ ಇಳಿಯಿತು. ಇಷ್ಟೆಲ್ಲ ಆದರೂ ಜನರ ಕಾಯಿನ್ ಅದೇ, ವಿಳಾಸವೂ ಅದೇ. ಈ ಬದಲಾವಣೆಗೆ ಮೊದಲು ಇಟ್ಟಿದ್ದ 'ಎಥ್ 2' ಅನ್ನೋ ಹೆಸರನ್ನು ಕೈಬಿಡೋಕೆ ಒಂದು ಕಾರಣವೇ ಇಂಥ ಮೋಸ. ಹೊಸ ಕಾಯಿನ್ ಬರುತ್ತೆ ಅಂತ ಜನ ನಂಬಿಬಿಡುತ್ತಿದ್ದರು.

ಮಂಡಿಪೇಟೆ ಲೆಕ್ಕಿಗ:
ಈಗ ತಲೆಗೆ ಹೋಯಿತು. ಹಾಗಾದ್ರೆ ಅಪ್‌ಗ್ರೇಡ್‌ನಿಂದ ನಮ್ಮಂಥವರಿಗೆ ಲಾಭ ಏನೂ ಇಲ್ವಾ? ಒಮ್ಮೆ ಸ್ವಲ್ಪ ಕಳಿಸೋಕೆ ಹೋದರೆ ಕಳಿಸೋ ಹಣಕ್ಕಿಂತ ಫೀಸೇ ಜಾಸ್ತಿ ತೋರಿಸಿತು, ಸುಮ್ನೆ ಬಿಟ್ಟೆ.

ವಿದ್ಯಾನಗರ ನೋಡ್:
ಇದೆ, ಫೀಸಿನಲ್ಲೇ ಇದೆ. ಈಗ ಸಣ್ಣ ವಹಿವಾಟು ಮುಖ್ಯ ಸರಪಳಿಯಲ್ಲಿ, ಅಂದ್ರೆ ಎಥೆರಿಯಂನ ಮೂಲ ಲೆಕ್ಕದಲ್ಲಿ, ಮಾಡೋದು ಕಡಿಮೆ. ಅದರ ಮೇಲೆ ಕಟ್ಟಿದ ಆರ್ಬಿಟ್ರಮ್, ಬೇಸ್ ಥರದ ನೆಟ್‌ವರ್ಕ್‌ಗಳು, ಅಂದ್ರೆ ಎರಡನೇ ಪದರಗಳು, ಸಾವಿರಾರು ವಹಿವಾಟನ್ನು ಒಟ್ಟು ಕಟ್ಟಿ ಮುಖ್ಯ ಸರಪಳಿಗೆ ಒಪ್ಪಿಸುತ್ತವೆ. ಮೊದಲು ಆ ಕಟ್ಟನ್ನು ಶಾಶ್ವತವಾಗಿ ಉಳಿಯೋ ಜಾಗದಲ್ಲಿ ಬರೆಯಬೇಕಿತ್ತು, ಅದು ದುಬಾರಿ. 2024ರ ಮಾರ್ಚ್ 13ರ ಡೆನ್‌ಕುನ್ ಅಪ್‌ಗ್ರೇಡ್‌ನಲ್ಲಿ 'ಬ್ಲಾಬ್' ಅನ್ನೋ ಬೇರೆ ಜಾಗ ಕೊಟ್ಟರು. ಅಲ್ಲಿ ಹಾಕಿದ್ದು ಸುಮಾರು 18 ದಿನ ಇರುತ್ತದೆ, ಆಮೇಲೆ ನೋಡ್‌ಗಳು ಅಳಿಸಬಹುದು. ಪರಿಶೀಲನೆಗೆ ಅಷ್ಟು ದಿನ ಸಾಕು. ಎರಡನೇ ಪದರದ ಫೀಸು ಹಲವು ಕಡೆ ಪೈಸೆ, ರೂಪಾಯಿ ಲೆಕ್ಕಕ್ಕೆ ಇಳಿಯಿತು. 2025ರ ಮೇ 7ರ ಪೆಕ್ಟ್ರಾದಲ್ಲಿ ಬ್ಲಾಬ್ ಜಾಗ ಹೆಚ್ಚಿಸಿದರು. ಡಿಸೆಂಬರ್‌ನ ಫುಸಾಕಾ ಬಂದ ಮೇಲೆ ಪ್ರತಿ ನೋಡ್ ಎಲ್ಲ ಡೇಟಾ ಇಳಿಸಿಕೊಳ್ಳಬೇಕಿಲ್ಲ, ಸ್ವಲ್ಪ ಸ್ವಲ್ಪ ತೆಗೆದು ನೋಡಿದರೂ ನಡೆಯುತ್ತದೆ.

ಮಿರ್ಚಿ ಮಂಡಕ್ಕಿ:
ಅಪ್‌ಗ್ರೇಡ್ ಆಯ್ತು, ರೇಟ್ ಏರುತ್ತೆ ಅಂತ ಮತ್ತೆ ತಗೊಳ್ಳೋಕೆ ಹೋಗಬೇಡಿ ಅಣ್ಣ. ಎರಡಕ್ಕೂ ನೇರ ಸಂಬಂಧ ಇಲ್ಲ. ಲಾಭ ಬಂದರೆ ಶೇ. 30 ತೆರಿಗೆ, ನಷ್ಟ ಆದರೆ ಬೇರೆ ಲಾಭದಲ್ಲಿ ಕಳೆಯೋ ಹಾಗೂ ಇಲ್ಲ. ನಿಮಗೆ ಹೇಳಬೇಕಾ!

ಮಂಡಿಪೇಟೆ ಲೆಕ್ಕಿಗ:
ತೆರಿಗೆ ಗೊತ್ತು ಬಿಡಪ್ಪ. ಈಗಿನ ಚಿಂತೆ ಬೇರೆ. ಆ ಗ್ರೂಪಿನಲ್ಲಿ ಆಗಲೇ ಇಬ್ಬರು "ಡನ್" ಅಂತ ಹಾಕಿದ್ದಾರೆ.

ಕೋಟೆ ಕಡೆಯವ:
ಮೆಸೇಜ್ ಮಾಡುತ್ತಾ ಕೂರಬೇಡಿ, ಇಬ್ಬರಿಗೂ ಈಗಲೇ ಫೋನ್ ಮಾಡಿ. ಹೊಸ ವ್ಯಾಲೆಟ್ ತೆರೆದು, ಹೊಸ ಪದಗಳನ್ನು ಕಾಗದದಲ್ಲಿ ಬರೆದುಕೊಂಡು, ಹಳೆಯದರಲ್ಲಿ ಏನು ಉಳಿದಿದೆಯೋ ಅಷ್ಟನ್ನೂ ಅದಕ್ಕೆ ಕಳಿಸಲಿ. ಹೋಗಿಬಿಟ್ಟಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಲಿ, ಆ ಲಿಂಕಿನ ಸ್ಕ್ರೀನ್‌ಶಾಟ್ ಅಳಿಸದೆ ಇಟ್ಟುಕೊಳ್ಳಲಿ. ಇನ್ನೊಂದು, "ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಮೊದಲು ಫೀಸ್ ಕಟ್ಟಿ" ಅಂತ ನಾಳೆ ಯಾರಾದ್ರೂ ಫೋನ್ ಮಾಡಿದರೆ ಅವರೂ ಅದೇ ಗುಂಪಿನವರು ಅಂತ ಹೇಳಿಬಿಡಿ.