ನೀತಿ ಸಂಹಿತೆಗೆ ಎಲ್ಲರೂ ಸಹಿ ಹಾಕಿದ ಮೇಲೆ ಮೊದಲ ಪ್ರಕರಣದಲ್ಲೇ ವಿನಾಯಿತಿ ಕೇಳಿದರೆ ಏನು ಮಾಡಬೇಕು?

ಪ್ರಶ್ನೆ (ಸಂಹಿತೆ ಸಮಿತಿಯ ಕಾರ್ಯದರ್ಶಿ)

ನಮ್ಮದು 120 ಸಿಬ್ಬಂದಿ ಇರುವ ಸಂಸ್ಥೆ. ಕಳೆದ ವರ್ಷ ನೀತಿ ಸಂಹಿತೆ ರೂಪಿಸುವ ಹೊಣೆಯನ್ನು ಐವರ ಸಮಿತಿಗೆ ವಹಿಸಿದರು; ಅದರ ಕಾರ್ಯದರ್ಶಿ ನಾನು. ಕಾಲಾವಕಾಶ ಕಡಿಮೆಯಿದ್ದುದರಿಂದ ಬೇರೆ ಸಂಸ್ಥೆಗಳ ಸಂಹಿತೆಗಳನ್ನು ಮುಂದಿಟ್ಟುಕೊಂಡು ಕರಡು ಸಿದ್ಧಪಡಿಸಿ, ಒಂದೇ ದಿನದಲ್ಲಿ ಎಲ್ಲರ ಸಹಿ ಪಡೆದು ಕಡತದಲ್ಲಿ ಇಟ್ಟೆವು.

ಈಗ ಮೊದಲ ಪ್ರಕರಣ ಎದುರಾಗಿದೆ. ಖರೀದಿ ವಿಭಾಗದ ಹಿರಿಯ ಅಧಿಕಾರಿಯೊಬ್ಬರು ತಮ್ಮ ಭಾವಮೈದುನ ಪಾಲುದಾರನಾಗಿರುವ ಕಂಪನಿಯಿಂದ ಸಾಮಗ್ರಿ ತರಿಸುತ್ತಿದ್ದಾರೆಂದು ಕಿರಿಯ ಉದ್ಯೋಗಿಯೊಬ್ಬರು ನನಗೆ ತಿಳಿಸಿದರು. ದರ ಹೆಚ್ಚೇನೂ ಇಲ್ಲ, ಗುಣಮಟ್ಟದ ಬಗ್ಗೆಯೂ ದೂರಿಲ್ಲ. "ಇಪ್ಪತ್ತು ವರ್ಷ ದುಡಿದವರು, ಸಂಸ್ಥೆಗೆ ನಷ್ಟವೂ ಆಗಿಲ್ಲ, ಈ ಸಲ ಬಿಟ್ಟುಬಿಡಿ" ಎಂದು ಮುಖ್ಯಸ್ಥರು ಹೇಳುತ್ತಿದ್ದಾರೆ. ನಮ್ಮ ಸಂಹಿತೆಯಲ್ಲಿ "ಹಿತಾಸಕ್ತಿ ಸಂಘರ್ಷವನ್ನು ತಪ್ಪಿಸಬೇಕು" ಎಂಬ ಒಂದು ಸಾಲು ಇದೆಯೇ ಹೊರತು, ಯಾರಿಗೆ ತಿಳಿಸಬೇಕು, ಯಾರು ತೀರ್ಮಾನಿಸಬೇಕು ಎಂಬುದು ಎಲ್ಲಿಯೂ ಇಲ್ಲ. ವಿಷಯ ತಿಳಿಸಿದ ಉದ್ಯೋಗಿ ನನ್ನ ಉತ್ತರಕ್ಕಾಗಿ ಕಾಯುತ್ತಿದ್ದಾರೆ. ಈ ಪ್ರಕರಣವನ್ನು ಹೇಗೆ ನಿಭಾಯಿಸಬೇಕು? ಸಂಹಿತೆಯನ್ನೇ ಮತ್ತೆ ಬರೆಯಬೇಕೇ?

ಉತ್ತರ 1 (ನಿವೃತ್ತ ಆಂತರಿಕ ಲೆಕ್ಕ ಪರಿಶೋಧಕ)

ನಷ್ಟವಾಗಿದೆಯೇ ಇಲ್ಲವೇ ಎಂಬುದು ಇಲ್ಲಿ ಮೊದಲ ಪ್ರಶ್ನೆಯಲ್ಲ. ತೀರ್ಮಾನ ತೆಗೆದುಕೊಳ್ಳುವವರಿಗೆ ಆ ತೀರ್ಮಾನದಿಂದ ತಮ್ಮವರಿಗೆ ಲಾಭವಾಗುವ ಸಾಧ್ಯತೆ ಇದ್ದಾಗಲೇ ಹಿತಾಸಕ್ತಿ ಸಂಘರ್ಷ ಹುಟ್ಟುತ್ತದೆ. ಅವರು ಲಾಭ ಮಾಡಿಕೊಟ್ಟರೋ ಇಲ್ಲವೋ ಎಂಬುದು ಆಮೇಲಿನ ವಿಚಾರಣೆಗೆ ಬಿಟ್ಟದ್ದು. ಸಂಬಂಧವಿರುವುದೂ ಅಪರಾಧವಲ್ಲ. ಅದನ್ನು ತಿಳಿಸದೆ ಖರೀದಿಯಲ್ಲಿ ಭಾಗವಹಿಸಿದ್ದು ತಪ್ಪು. ದರ ಸರಿಯಾಗಿದೆ ಎಂದು ಈಗ ಹೇಳುತ್ತಿರುವವರು ಯಾರು ಎಂಬುದನ್ನೂ ಗಮನಿಸಿ: ದರ ಹೋಲಿಕೆಯ ಪಟ್ಟಿ ಸಿದ್ಧಪಡಿಸಿದ್ದು ಅದೇ ವಿಭಾಗವಾಗಿದ್ದರೆ ಆ ಮಾತಿಗೆ ತೂಕವಿಲ್ಲ.

ವಿನಾಯಿತಿಯ ವಿಷಯದಲ್ಲಿ ನಾನು ಸದಾ ನೆನಪಿಸಿಕೊಳ್ಳುವುದು ಅಮೆರಿಕದ ಇಂಧನ ಕಂಪನಿ ಎನ್ರಾನ್ ಅನ್ನು. 2000ರಲ್ಲಿ ಅದು ತನ್ನ ಉದ್ಯೋಗಿಗಳಿಗೆ ಹಂಚಿದ ನೀತಿ ಸಂಹಿತೆಗೆ 64 ಪುಟಗಳಿದ್ದವು. ಅದಕ್ಕೂ ಮೊದಲೇ, 1999ರಲ್ಲಿ, ಕಂಪನಿಯೊಡನೆ ವ್ಯವಹರಿಸುವ ಪಾಲುದಾರಿಕೆ ಸಂಸ್ಥೆಯನ್ನು ಅದರ ಮುಖ್ಯ ಹಣಕಾಸು ಅಧಿಕಾರಿಯೇ ನಡೆಸಲು ಆಡಳಿತ ಮಂಡಳಿ ಒಪ್ಪಿಗೆ ನೀಡಿ, ಸಂಹಿತೆಯ ನಿರ್ಬಂಧವನ್ನು ಬದಿಗಿಟ್ಟಿತ್ತು. 2001ರ ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ಮರುವರ್ಷ ಅಮೆರಿಕ ತಂದ ಸಾರ್ಬೇನ್ಸ್–ಆಕ್ಸ್ಲಿ ಕಾಯ್ದೆಯು, ಹಿರಿಯ ಹಣಕಾಸು ಅಧಿಕಾರಿಗಳಿಗೆ ನೀತಿ ಸಂಹಿತೆ ಇದೆಯೇ, ಇಲ್ಲದಿದ್ದರೆ ಏಕಿಲ್ಲ ಎಂಬುದನ್ನು ಷೇರುಪೇಟೆಯ ಕಂಪನಿಗಳು ಪ್ರಕಟಿಸಬೇಕೆಂದಿತು. ಆ ಸಂಹಿತೆಯಿಂದ ಈ ಅಧಿಕಾರಿಗಳಲ್ಲಿ ಯಾರಿಗಾದರೂ ವಿನಾಯಿತಿ ಕೊಟ್ಟರೆ ಅದನ್ನೂ ಕೂಡಲೇ ಬಹಿರಂಗಪಡಿಸಬೇಕೆಂದಿತು. ಹಗುರವಾಗಿ ಕೊಡುವ ವಿನಾಯಿತಿ ಎಷ್ಟು ಅಪಾಯಕಾರಿ ಎಂಬುದು ಅಷ್ಟು ದೊಡ್ಡ ಬೆಲೆ ತೆತ್ತ ಮೇಲೆ ಅರ್ಥವಾಯಿತು.

ನಿಮ್ಮ ಪ್ರಕರಣದಲ್ಲಿ, ಅಧಿಕಾರಿಯಿಂದ ಲಿಖಿತ ಹೇಳಿಕೆ ಪಡೆಯಿರಿ. ಆ ಕಂಪನಿಗೆ ಸಂಬಂಧಿಸಿದ ಬೇಡಿಕೆ, ದರ ಹೋಲಿಕೆ, ಬಿಲ್ ಮಂಜೂರಾತಿ ಯಾವುದರಲ್ಲಿಯೂ ಅವರು ಇರದಂತೆ ನೋಡಿಕೊಳ್ಳಿ. ಹಳೆಯ ಖರೀದಿಗಳನ್ನು ಖರೀದಿ ವಿಭಾಗಕ್ಕೆ ಸೇರದವರೊಬ್ಬರು ಪರಿಶೀಲಿಸಲಿ. ಇದೆಲ್ಲ ಆದ ಮೇಲೂ ಮುಖ್ಯಸ್ಥರು ವಿನಾಯಿತಿ ಕೊಡಲು ಬಯಸಿದರೆ, ಕಾರಣ ಸಹಿತ ಆಡಳಿತ ಮಂಡಳಿಯ ನಡಾವಳಿಯಲ್ಲಿ ದಾಖಲಾಗಲಿ. ನನ್ನ ಅನುಭವದಲ್ಲಿ, ಬರೆದು ಸಹಿ ಹಾಕಿ ಎಂದ ಕೂಡಲೇ ಅರ್ಧದಷ್ಟು ವಿನಾಯಿತಿಯ ಕೋರಿಕೆಗಳು ಹಿಂದೆ ಸರಿಯುತ್ತವೆ.

ಆದರೆ ಆ ಅಧಿಕಾರಿಗೂ ನ್ಯಾಯ ಸಿಗಬೇಕು. ಯಾರಿಗೆ ತಿಳಿಸಬೇಕೆಂದು ಹೇಳದ ಸಂಹಿತೆಯನ್ನು ಕೊಟ್ಟು, ತಿಳಿಸಲಿಲ್ಲವೆಂದು ಕಠಿಣ ಶಿಕ್ಷೆ ವಿಧಿಸುವುದು ಸರಿಯಲ್ಲ.

ಉತ್ತರ 2 (ಸಿಬ್ಬಂದಿ ತರಬೇತಿಯಲ್ಲಿ ಇರುವವರು)

ಮೇಲಿನ ಮಾತಿನ ಕೊನೆಯ ಭಾಗವನ್ನು ಪೂರ್ಣವಾಗಿ ಒಪ್ಪುತ್ತೇನೆ, ಏಕೆಂದರೆ ಇಲ್ಲಿ ಸಮಿತಿಯ ತಪ್ಪೂ ಇದೆ. ಎರವಲು ತಂದ ಸಂಹಿತೆಯಲ್ಲಿ ತತ್ವಗಳು ಇರುತ್ತವೆ. ನಿಮ್ಮ ಉಗ್ರಾಣದಲ್ಲಿ, ಲೆಕ್ಕ ವಿಭಾಗದಲ್ಲಿ, ನೇಮಕಾತಿಯಲ್ಲಿ ಜನರು ನಿಜವಾಗಿ ಎದುರಿಸುವ ಇಕ್ಕಟ್ಟುಗಳು ಇರುವುದಿಲ್ಲ. ಆದ್ದರಿಂದ ಮತ್ತೆ ಬರೆಯುವಾಗ ತತ್ವಗಳಿಂದ ಆರಂಭಿಸಬೇಡಿ. ಪ್ರತಿ ವಿಭಾಗದಲ್ಲೂ ಕುಳಿತು, "ಈ ವರ್ಷ ಏನು ಮಾಡಬೇಕೆಂದು ತಿಳಿಯದೆ ತೊಳಲಾಡಿದ ಸಂದರ್ಭ ಯಾವುದು?" ಎಂದು ಕೇಳಿ. ಸರಬರಾಜುದಾರರು ಹಬ್ಬಕ್ಕೆ ಕಳುಹಿಸಿದ ಉಡುಗೊರೆ, ಗೆಳೆಯನ ಮಗನ ಅರ್ಜಿ, ಮೇಲಧಿಕಾರಿ ಹಿಂದಿನ ದಿನಾಂಕ ಹಾಕಲು ಹೇಳಿದ ರಸೀದಿ — ಇಂಥವು ಹೊರಬರುತ್ತವೆ. ಒಂದೊಂದಕ್ಕೂ ಏನು ಮಾಡಬೇಕು, ಯಾರನ್ನು ಕೇಳಬೇಕು, ಎಷ್ಟು ದಿನದಲ್ಲಿ ಉತ್ತರ ಸಿಗುತ್ತದೆ ಎಂದು ಬರೆಯಿರಿ. "ಸೂಕ್ತ", "ಯುಕ್ತ" ಎಂಬ ಪದಗಳು ಬಂದಲ್ಲೆಲ್ಲ ನಿಲ್ಲಿ. ಅವುಗಳ ಅರ್ಥ ಅಧಿಕಾರ ಇರುವವರ ಅನುಕೂಲಕ್ಕೆ ತಕ್ಕಂತೆ ಬದಲಾಗುತ್ತದೆ.

ಮತ್ತೆ ಬರೆಯಲು ಸಂಕೋಚ ಬೇಡ. ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಗೆ ಸಂಬಂಧಿಸಿದ ಹೆಲ್ಸಿಂಕಿ ಘೋಷಣೆ 1964ರಲ್ಲಿ ಅಂಗೀಕಾರವಾದ ಮೇಲೆ ಹಲವು ಬಾರಿ ಪರಿಷ್ಕರಣೆಗೊಂಡು, 2024ರಲ್ಲಿಯೂ ತಿದ್ದುಪಡಿ ಕಂಡಿದೆ.

ಉತ್ತರ 3 (ಒಮ್ಮೆ ದೂರು ಕೊಟ್ಟವಳು)

ಇಬ್ಬರೂ ಆ ಕಿರಿಯ ಉದ್ಯೋಗಿಯನ್ನು ಮರೆತಿದ್ದಾರೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯೊಂದರಲ್ಲಿ ಸುಳ್ಳು ಪ್ರಯಾಣ ಬಿಲ್ಲುಗಳ ಬಗ್ಗೆ ಲಿಖಿತ ದೂರು ಕೊಟ್ಟಿದ್ದೆ. ಯಾರೂ ಗದರಿಸಲಿಲ್ಲ, ಯಾರೂ ಉತ್ತರವನ್ನೂ ಕೊಡಲಿಲ್ಲ. ಆ ಮೌನದ ನಂತರ ಅಲ್ಲಿದ್ದ ನಾಲ್ಕು ವರ್ಷ ನಾನು ಏನನ್ನು ಕಂಡರೂ ಬಾಯಿ ಬಿಡಲಿಲ್ಲ. ಔದ್ಯೋಗಿಕ ವಂಚನೆಗಳ ಕುರಿತು ಪ್ರಮಾಣಿತ ವಂಚನೆ ಪರಿಶೋಧಕರ ಸಂಘ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಶೇ 40ಕ್ಕೂ ಹೆಚ್ಚು ಪ್ರಕರಣಗಳು ಬೆಳಕಿಗೆ ಬಂದದ್ದು ಯಾರೋ ಕೊಟ್ಟ ಸುಳಿವಿನಿಂದ. ಸುಳಿವು ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಉದ್ಯೋಗಿಗಳು. ಅವರು ಮಾತನಾಡುವುದನ್ನು ನಿಲ್ಲಿಸಿದರೆ ಸಂಸ್ಥೆ ಕುರುಡಾಗುತ್ತದೆ.

ದೂರು ಕೊಡುವವರ ರಕ್ಷಣೆಗಾಗಿ ಐರೋಪ್ಯ ಒಕ್ಕೂಟ ತಂದ 2019ರ ನಿರ್ದೇಶನದಲ್ಲಿ, ದೂರು ಬಂದ 7 ದಿನಗಳಲ್ಲಿ ಸ್ವೀಕೃತಿ, ನಂತರದ ಮೂರು ತಿಂಗಳೊಳಗೆ ಕೈಗೊಂಡ ಕ್ರಮದ ಮಾಹಿತಿ ಕೊಡಬೇಕೆಂದಿದೆ. ನಿಮ್ಮ ಹೊಸ ಸಂಹಿತೆಯಲ್ಲಿ ಇಂಥ ಗಡುವು ಇರಲಿ. ಸದ್ಯಕ್ಕೆ, ದಯವಿಟ್ಟು ನಾಳೆಯೇ ಅವರನ್ನು ಕರೆದು, ವಿಷಯ ಎಲ್ಲಿಯವರೆಗೆ ಬಂದಿದೆ ಎಂದು ತಿಳಿಸಿ. ಅವರ ಹೆಸರು ಈಗಾಗಲೇ ಯಾರಿಗೆ ಗೊತ್ತಾಗಿದೆ ಎಂಬುದನ್ನು ಪ್ರಾಮಾಣಿಕವಾಗಿ ಹೇಳಿ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಇಂದು ಬೆಳಿಗ್ಗೆ ಆ ಉದ್ಯೋಗಿಯೊಡನೆ ಮಾತನಾಡಿದೆ. ಮುಖ್ಯಸ್ಥರಿಗೆ ಅವರ ಹೆಸರನ್ನು ನಾನೇ ಹೇಳಿಬಿಟ್ಟಿದ್ದೆ. ಅದನ್ನು ಒಪ್ಪಿಕೊಂಡು ಕ್ಷಮೆ ಕೇಳಿದೆ. ಅಧಿಕಾರಿಯಿಂದ ಲಿಖಿತ ಹೇಳಿಕೆ ಕೇಳಿದ್ದೇನೆ. ಒಂದು ಸಂದೇಹ ಉಳಿದಿದೆ: ನಾಳೆ ಮುಖ್ಯಸ್ಥರದೇ ಸಂಘರ್ಷ ಬಂದರೆ ಯಾರಿಗೆ ತಿಳಿಸಬೇಕು?

ಉತ್ತರ 1 (ನಿವೃತ್ತ ಆಂತರಿಕ ಲೆಕ್ಕ ಪರಿಶೋಧಕ)

ಆಡಳಿತ ಮಂಡಳಿಯ ಸದಸ್ಯರಲ್ಲಿ ದೈನಂದಿನ ಆಡಳಿತದಲ್ಲಿ ಇಲ್ಲದ ಒಬ್ಬರನ್ನು ಹೆಸರಿಸಿ, ಅವರ ದೂರವಾಣಿ ಸಂಖ್ಯೆಯನ್ನು ಸಂಹಿತೆಯ ಮೊದಲ ಪುಟದಲ್ಲೇ ಮುದ್ರಿಸಿ. ಮುಖ್ಯಸ್ಥರ ಒಪ್ಪಿಗೆಯನ್ನು ಪ್ರಕರಣ ಬರುವ ಮೊದಲೇ, ಅಂದರೆ ಈ ವಾರವೇ, ಪಡೆದುಕೊಳ್ಳಿ.