ಸೈಟ್ ಆಗಿದ್ದಾಗ ಪ್ರಶಸ್ತಿ, ಪುಸ್ತಕ ಆಗ್ತೀನಿ ಅಂದಾಗ ಕೋರ್ಟು: ಹ್ಯಾರಿ ಪಾಟರ್ ಲೆಕ್ಸಿಕಾನ್ ಕೇಸಲ್ಲಿ ನೀವು ಯಾರ ಕಡೆ?

ಗೂಬೆಅಂಚೆ:
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗಿದೆ, ಬೈಕೋಬೇಡಿ. ನಾನು ಹ್ಯಾರಿ ಪಾಟರ್ ಹಿಡಿದಿದ್ದೇ ತಡವಾಗಿ, ಹಾಗಾಗಿ 2007-08ರಲ್ಲಿ ಈ ಗಲಾಟೆ ನಡೆದಿದ್ದು ನಂಗೆ ಗೊತ್ತೇ ಇರ್ಲಿಲ್ಲ. ಮೊನ್ನೆ ಏನೋ ಹುಡುಕೋವಾಗ ಸಿಕ್ತು, ಆಮೇಲೆ ರಾತ್ರಿ ಎರಡು ಗಂಟೆ ತನಕ ಅದನ್ನೇ ಓದ್ತಾ ಕೂತಿದ್ದೆ.

ವಿಷಯ ಗೊತ್ತಿಲ್ದೋರಿಗೆ: ಸ್ಟೀವ್ ವಾಂಡರ್ ಆರ್ಕ್ ಅಂತ ಅಮೆರಿಕದಲ್ಲಿ ಒಬ್ಬ ಲೈಬ್ರೇರಿಯನ್, 2000ದಲ್ಲಿ ಹ್ಯಾರಿ ಪಾಟರ್ ಲೆಕ್ಸಿಕಾನ್ ಅಂತ ಸೈಟ್ ಮಾಡ್ತಾನೆ, ಮಂತ್ರ, ಪ್ರಾಣಿ, ಜಾಗ, ಪಾತ್ರ ಎಲ್ಲಾನೂ ಅಕ್ಷರಮಾಲೆ ಪ್ರಕಾರ ಜೋಡಿಸಿ. 2004ರಲ್ಲಿ ಹ್ಯಾರಿ ಪಾಟರ್ ಬರೆದ ರೌಲಿಂಗ್ ಅವರೇ ಅದಕ್ಕೆ ತಮ್ಮ ಫ್ಯಾನ್ ಸೈಟ್ ಪ್ರಶಸ್ತಿ ಕೊಡ್ತಾರೆ, ಬರೆಯೋಕೆ ಹೊರಗೆ ಹೋದಾಗ ಏನಾದ್ರೂ ನೆನಪಾಗ್ದಿದ್ರೆ ಇಂಟರ್ನೆಟ್ ಕೆಫೆಗೆ ನುಗ್ಗಿ ಇಲ್ಲೇ ನೋಡ್ಕೊಂಡಿದ್ದೀನಿ ಅಂತ್ಲೂ ಹೇಳ್ತಾರೆ. ಅದನ್ನೇ ಆರ್‌ಡಿಆರ್ ಬುಕ್ಸ್ ಅನ್ನೋ ಚಿಕ್ಕ ಪ್ರಕಾಶಕರು ಪುಸ್ತಕ ಮಾಡ್ತೀವಿ ಅಂದಾಗ 2007ರ ಅಕ್ಟೋಬರ್ 31ಕ್ಕೆ ಹ್ಯಾರಿ ಪಾಟರ್ ಸಿನಿಮಾ ಮಾಡಿದ ವಾರ್ನರ್ ಬ್ರದರ್ಸ್ ಕಂಪನಿ ಮತ್ತು ರೌಲಿಂಗ್ ಸೇರಿ ನ್ಯೂಯಾರ್ಕಲ್ಲಿ ಕೇಸ್ ಹಾಕ್ತಾರೆ. 2008ರ ಸೆಪ್ಟೆಂಬರ್ 8ಕ್ಕೆ ಪುಸ್ತಕಕ್ಕೆ ತಡೆ ಬಿತ್ತು.

ನಂಗೆ ಅರ್ಥ ಆಗದೇ ಇರೋದು ಎರಡು. ಅದೇ ಮಾಹಿತಿ ಸೈಟಲ್ಲಿದ್ರೆ ಸರಿ, ಕಾಗದದ ಮೇಲೆ ಬಂದ್ರೆ ತಪ್ಪು ಹೇಗೆ? ಮತ್ತೆ, ಅಷ್ಟು ವರ್ಷ ಅವನ ಸೈಟೇ ನೋಡ್ಕೊಂಡಿದ್ದ ಫ್ಯಾನ್ಸ್ ಅವನ ಮೇಲೇ ಯಾಕೆ ತಿರುಗಿ ಬಿದ್ರು? ಕೇಳ್ತಿರೋದಕ್ಕೆ ಸ್ವಾರ್ಥಾನೂ ಇದೆ, ನಾನು ನನ್ನ ಫ್ರೆಂಡು ಬೇರೆ ಒಂದು ಫ್ಯಾಂಟಸಿ ಸೀರೀಸ್‌ಗೆ ಇಂಥದ್ದೇ ಪದಕೋಶ ಮಾಡ್ತಾ ಇದೀವಿ, ಸದ್ಯಕ್ಕೆ ಶೀಟಲ್ಲಿದೆ, ಮುಂದೆ ಪಿಡಿಎಫ್ ಮಾಡಿ ಮಾರೋಣ ಅಂತ ಅವನು ಕುಣೀತಿದಾನೆ.

ಪುಸ್ತಕದಹುಳ:
ಮೊದಲನೇ ಪ್ರಶ್ನೆಯಲ್ಲೇ ಒಂದು ತಪ್ಪು ತಿಳುವಳಿಕೆ ಇದೆ ಗುರೂ, ಮತ್ತೆ ಇದು ನಿನ್ನೊಬ್ಬಂದೇ ಅಲ್ಲ, ಹತ್ತರಲ್ಲಿ ಒಂಬತ್ತು ಜನ ಹಿಂಗೇ ಅನ್ಕೊಂಡಿದಾರೆ. ಕೇಸ್ ನಡೆದಿದ್ದು ಪುಸ್ತಕದ ಮೇಲೆ, ಸೈಟಿನ ಮೇಲೆ ಯಾರೂ ತಡೆ ಕೇಳ್ಲೇ ಇಲ್ಲ. ಹಾಗಂತ ಸೈಟು ಕಾನೂನಿನ ಕಣ್ಣಲ್ಲಿ ಪೂರ್ತಿ ಕ್ಲೀನ್ ಅಂತ ಯಾವ ಜಡ್ಜೂ ಹೇಳಿಲ್ಲ, ಯಾರೂ ಕೇಳಿಲ್ಲ ಅಷ್ಟೇ. ಸುಮ್ನೆ ಬಿಟ್ಟಿರೋದು ಬೇರೆ, ಹಕ್ಕು ಕೊಟ್ಟಿರೋದು ಬೇರೆ.

ಇನ್ನು ತೀರ್ಪು. ರೌಲಿಂಗ್ ಪೂರ್ತಿ ಗೆದ್ರು ಅಂತ ಎಲ್ಲಾ ಕಡೆ ಬರೀತಾರೆ, ಓದಿದ್ರೆ ಹಾಗಿಲ್ಲ. ಇದು ಮೂಲ ಕೃತಿಯಿಂದ ಹುಟ್ಟಿದ ಇನ್ನೊಂದು ಕೃತಿ, ಹಾಗಾಗಿ ನಮ್ಮ ಹಕ್ಕು ಅಂತ ಅವರ ಕಡೆ ವಾದ ಇತ್ತು, ಜಡ್ಜ್ ರಾಬರ್ಟ್ ಪ್ಯಾಟರ್ಸನ್ ಅದನ್ನ ಒಪ್ಪಲಿಲ್ಲ. ಕಥೆ ಹೇಳೋಕೆ ಅಲ್ಲ, ಹುಡುಕೋಕೆ ಅನುಕೂಲ ಆಗೋ ಹಾಗೆ ಜೋಡಿಸಿರೋದು, ಉದ್ದೇಶ ಬೇರೆ ಅಂದ್ರು. ರೌಲಿಂಗ್ ತಾವೂ ಒಂದು ಎನ್‌ಸೈಕ್ಲೋಪೀಡಿಯಾ ಬರೀಬೇಕು ಅಂತಿದ್ರು, ಆದ್ರೆ ಗೈಡ್ ಪುಸ್ತಕಗಳ ಮಾರ್ಕೆಟ್ಟು ಲೇಖಕರ ಸ್ವಂತ ಆಸ್ತಿ ಅಲ್ಲ, ಬೇರೆಯವರು ಬರೆಯೋದನ್ನ ತಡೆಯೋಕಾಗಲ್ಲ ಅಂತ್ಲೂ ತೀರ್ಪಲ್ಲಿದೆ. ಇದು ನಮ್ಮಂಥೋರಿಗೆ ದೊಡ್ಡ ಮಾತು, ಹೆಡ್‌ಲೈನಲ್ಲಿ ಬರ್ಲೇ ಇಲ್ಲ.

ಹಂಗಾದ್ರೆ ಸೋತಿದ್ದು ಎಲ್ಲಿ ಅಂದ್ರೆ ವಾಕ್ಯಗಳಲ್ಲಿ. ರೌಲಿಂಗ್ ಬರೆದ ಸಾಲುಗಳೇ ಉದ್ದುದ್ದ ಹಾಗ್ಹಾಗೇ ಬಂದಿದ್ವು, ಎಷ್ಟೋ ಕಡೆ ಉದ್ಧರಣ ಚಿಹ್ನೇನೂ ಇಲ್ಲ, ಯಾವುದು ಅವರ ಮಾತು ಯಾವುದು ಇವನ ಮಾತು ಗೊತ್ತೇ ಆಗಲ್ಲ. ಅದಕ್ಕಿಂತ ಜಾಸ್ತಿ ಹೊಡೆತ ಬಿದ್ದಿದ್ದು 2001ರಲ್ಲಿ ಚಾರಿಟಿಗೆ ಅಂತ ಅವರು ಬರೆದ ಎರಡು ಸಣ್ಣ ಪುಸ್ತಕಗಳಿಂದ, ಒಂದು ಆ ಲೋಕದ ಪ್ರಾಣಿಗಳದ್ದು ಇನ್ನೊಂದು ಕ್ವಿಡಿಚ್ ಅನ್ನೋ ಆಟದ್ದು. ಅವೇ ಮೊದಲೇ ಗೈಡ್ ಥರ ಇವೆ, ಅದನ್ನ ಎತ್ತಿ ಇನ್ನೊಂದು ಗೈಡಿಗೆ ಹಾಕಿದ್ರೆ ಹೊಸದಾಗಿ ಮಾಡಿದ್ದೇನು? ಮೂಲ ಕೊಳ್ಳೋನು ಯಾಕೆ ಕೊಳ್ತಾನೆ?

ದಂಡ ಎಷ್ಟು ಗೊತ್ತಾ, 6,750 ಡಾಲರ್. ಏಳು ಕಾದಂಬರಿ, ಎರಡು ಸಣ್ಣ ಪುಸ್ತಕ, ಒಟ್ಟು 9, ಒಂದೊಂದಕ್ಕೆ 750, ಕಾನೂನಲ್ಲಿರೋ ಕನಿಷ್ಠ ಮೊತ್ತ. ಪುಸ್ತಕ ಆಗ ಇನ್ನೂ ಮಾರಾಟಕ್ಕೇ ಬಂದಿರಲಿಲ್ಲವಲ್ಲ, ಅದಕ್ಕೆ.

ಹಳೇಫ್ಯಾನ್:
ಹುಳ ಅವರು ಕಾನೂನು ಚೆನ್ನಾಗಿ ಹೇಳಿದ್ರು, ಎರಡನೇ ಪ್ರಶ್ನೆಗೆ ನಾನು ಹೇಳ್ತೀನಿ, ಯಾಕಂದ್ರೆ ನಾನು ಆಗ ಅಲ್ಲೇ ಇದ್ದೆ, ಬೈದೋರಲ್ಲಿ ನಾನೂ ಒಬ್ಬಳು, ಈಗ ನೆನೆಸಿಕೊಂಡ್ರೆ ಸ್ವಲ್ಪ ನಾಚಿಕೆ ಆಗುತ್ತೆ.

ಮೊದಲು ಹಿಂದಿನ ಕಥೆ ಕೇಳಿ. 2001ರ ಹೊತ್ತಿಗೆ ಇದೇ ವಾರ್ನರ್‌ನವರು ಸ್ಕೂಲ್ ಮಕ್ಕಳು ಮಾಡಿದ್ದ ಫ್ಯಾನ್ ಸೈಟ್‌ಗಳಿಗೆಲ್ಲ ಲೀಗಲ್ ಲೆಟರ್ ಕಳಿಸಿದ್ರು, ಸೈಟಿನ ಹೆಸರು ಬಿಟ್ಟುಕೊಡಿ ಅಂತ. ಫ್ಯಾನ್ಸ್ ಸೇರಿ ಬಾಯ್ಕಾಟ್ ಶುರು ಮಾಡಿದ್ರು, ಪಾಟರ್‌ವಾರ್ ಅಂತ ಒಂದು ಚಳವಳೀನೂ ಎದ್ದಿತ್ತು, ಕೊನೆಗೆ ಕಂಪನೀನೇ ಹಿಂದೆ ಸರೀತು. ಅಂದ್ರೆ ಕಂಪನಿ ವಿರುದ್ಧ ಎದ್ದು ನಿಂತು ಗೆದ್ದ ಜನ ನಾವು. ಏಳು ವರ್ಷ ಆದ್ಮೇಲೆ ಅದೇ ಜನ ಅದೇ ಕಂಪನಿ ಪಕ್ಕ ನಿಂತ್ಕೊಂಡ್ವಿ, ಯಾಕೆ?

ಈ ಸಲ ಎದುರಿಗೆ ಇದ್ದಿದ್ದು ನಮ್ಮವನು, ಮತ್ತೆ ದುಡ್ಡು ಬಂದಿತ್ತು. ಆ ಕಾಲದ ಫ್ಯಾನ್ ಲೋಕದಲ್ಲಿ ಬರೆಯದೇ ಇರೋ ಒಂದೇ ಒಂದು ನಿಯಮ, ಕಾಸು ಮಾಡಬಾರದು. ಅದೇ ಪಾತ್ರಗಳನ್ನಿಟ್ಟು ನಾವು ಬರೆಯೋ ಕಥೆಗಳ ತಲೆ ಮೇಲೆ ಇದರಿಂದ ಬಿಡಿಗಾಸೂ ಸಿಗ್ತಿಲ್ಲ ಅಂತ ಬರೆದು ಅದೇ ರಕ್ಷಾಕವಚ ಅಂತ ನಂಬ್ಕೊಂಡಿದ್ವಿ. ಇವನು ಮಾರೋಕೆ ಹೊರಟ ಕೂಡಲೇ ಎಲ್ರಿಗೂ ಭಯ, ಇವನೊಬ್ಬನ ದೆಸೆಯಿಂದ ನಮ್ಮೆಲ್ಲರ ಬಾಗಿಲು ಮುಚ್ಚಿಸ್ತಾರೆ ಅಂತ. ಇನ್ನೊಂದು ಉರಿ ಏನಂದ್ರೆ ಆ ಲೆಕ್ಸಿಕಾನ್ ಅವನೊಬ್ಬ ಮಾಡಿದ್ದಲ್ಲ, ತಪ್ಪು ತಿದ್ದಿ ಮೇಲ್ ಕಳಿಸಿದೋರು, ಸಂಬಳ ಇಲ್ದೆ ಬರೆದೋರು ಎಷ್ಟು ಜನ. ನಾನೇ ಒಂದು ತಾರೀಖು ತಪ್ಪಿದೆ ಅಂತ ಮೇಲ್ ಹಾಕಿದ್ದೆ, ಎರಡೇ ದಿನಕ್ಕೆ ತಿದ್ದಿದ್ರು, ಆ ಖುಷಿಯಲ್ಲಿ ಅಕ್ಕನ್ನ ಎಬ್ಬಿಸಿ ತೋರಿಸಿದ್ದೆ!

ಆಮೇಲೆ ಕೋರ್ಟಲ್ಲಿ ರೌಲಿಂಗ್ 17 ವರ್ಷದ ದುಡಿಮೆ ಅಂತ ಹೇಳಿದ್ದು, ಇವನು ಸಾಕ್ಷಿ ಕಟ್ಟೆಯಲ್ಲಿ ಅತ್ತಿದ್ದು, ಎರಡೂ ಒಂದೇ ವಾರ ಓದಿದ್ವಿ. ಅವನು ಅತ್ತಿದ್ದು ಈ ಫ್ಯಾನ್ ಬಳಗ ಕೈ ತಪ್ಪಿ ಹೋಯ್ತಲ್ಲ ಅಂತ. ಅವನ ಮೇಲೆ ನೇರವಾಗಿ ಕೇಸೂ ಇರ್ಲಿಲ್ಲ, ಪ್ರತಿವಾದಿ ಪ್ರಕಾಶಕರು. ಆದ್ರೂ ಜಾಸ್ತಿ ಕಳ್ಕೊಂಡಿದ್ದು ಅವನೇ.

ಕಪ್ಪುಶಾಯಿ:
ಕಣ್ಣೀರ ಕಥೆ ಸಾಕು. ಈ ವಾಂಡರ್ ಆರ್ಕ್‌ಗೇ ಮೊದಲು ಪುಸ್ತಕ ಮಾಡಿದ್ರೆ ಕಾನೂನು ಸಮಸ್ಯೆ ಆಗುತ್ತೆ ಅನ್ನೋ ಅನುಮಾನ ಇತ್ತು, ಅದಕ್ಕೇ ಕೇಸ್ ಬಿದ್ರೆ ಪ್ರಕಾಶಕರೇ ನೋಡ್ಕೋಬೇಕು ಅಂತ ಒಪ್ಪಂದದಲ್ಲಿ ಬರೆಸ್ಕೊಂಡ. ಅಂದ್ರೆ ಗೊತ್ತಿದ್ದೇ ಇಳಿದಿದ್ದು. ತಮಾಷೆ ಏನಂದ್ರೆ ಸಿನಿಮಾ ಡಿವಿಡಿಯಲ್ಲಿರೋ ಟೈಮ್‌ಲೈನ್, ಅಂದ್ರೆ ಕಥೆಯ ಘಟನೆಗಳ ಕಾಲಪಟ್ಟಿ, ನಮ್ಮ ಲೆಕ್ಸಿಕಾನಿಂದ ತಗೊಂಡಿದ್ದೀರ ಅಂತ ಇದೇ ಪ್ರಕಾಶಕರು ವಾರ್ನರ್‌ಗೆ ತಕರಾರು ಪತ್ರ ಬರೆದಿದ್ರು. ಇವರದ್ದು ಬೇರೆಯವರು ತಗೊಂಡ್ರೆ ಕಳ್ಳತನ, ಇವರು ತಗೊಂಡ್ರೆ ಸಂಶೋಧನೆ. ನಾನಂತೂ ಲೇಖಕಿ ಕಡೆ, ಬರೆದೋರ ಕೈಬೆರಳು ಸವೆದಿರುತ್ತೆ ಸ್ವಾಮಿ.

ಪುಸ್ತಕದಹುಳ:
@ಕಪ್ಪುಶಾಯಿ ಸಾರ್, ಆ ಪತ್ರದ ವಿಷಯದಲ್ಲಿ ನಿಮ್ಮ ಕುಟುಕು ನ್ಯಾಯಾನೇ. ಆದ್ರೆ ಕಥೆ ಅಲ್ಲಿಗೇ ಮುಗೀಲಿಲ್ಲ. ಪ್ರಕಾಶಕರು ಅಪೀಲು ಹಾಕಿದ್ರು, 2008ರ ಡಿಸೆಂಬರಲ್ಲಿ ಕೈಬಿಟ್ರು, ಪುಸ್ತಕಾನೇ ತಿದ್ದಿ ಬರೆದ್ರು, ಎತ್ತಿದ ಸಾಲು ತೆಗೆದು ಸ್ವಂತ ಟಿಪ್ಪಣಿ ಜಾಸ್ತಿ ಮಾಡಿ 2009ರ ಜನವರಿಯಲ್ಲಿ ಹೊರಗೆ ತಂದ್ರು. ಆ ಪುಸ್ತಕ ಅಂಗಡಿಗೆ ಬಂತು. ವಿಷಯಾನೇ ನಿಷಿದ್ಧ ಆಗಿದ್ರೆ ಅದು ಬರೋಕಾಗ್ತಿತ್ತಾ?

ಗೂಬೆಅಂಚೆ, ನಿಂಗೆ ಇನ್ನೊಂದು ಹಳೇ ಕೇಸು ಹೇಳ್ತೀನಿ, 1998ರದ್ದು, ಸೈನ್‌ಫೆಲ್ಡ್ ಅನ್ನೋ ಟಿವಿ ಸೀರಿಯಲ್ ಮೇಲೆ 643 ಕ್ವಿಜ್ ಪ್ರಶ್ನೆ ಇಟ್ಟು ಒಂದು ಪುಸ್ತಕ ಬಂದಿತ್ತು, ಅವರೂ ಅಮೆರಿಕದ ಕೋರ್ಟಲ್ಲೇ ಸೋತ್ರು. ಲೆಕ್ಸಿಕಾನ್ ಬಗ್ಗೆ ಜಡ್ಜ್ ಅದಕ್ಕಿಂತ ಒಳ್ಳೇ ಮಾತು ಆಡಿದ್ದು ಯಾಕಂದ್ರೆ ಅದರಲ್ಲಿ ಹುಡುಕೋ ಉಪಯೋಗ ಇತ್ತು ಅಂತ. ಮಾರೋ ಯೋಚನೆ ಆಮೇಲೆ, ಮೊದಲು ಶೀಟು ತೆಗಿ, ಯಾವುದಾದ್ರೂ ಹತ್ತು ಎಂಟ್ರಿ ಪಕ್ಕದಲ್ಲಿ ಕಾದಂಬರಿ ಪುಟ ಇಟ್ಕೊಂಡು ಓದು.

ಗೂಬೆಅಂಚೆ:
ಈಗ ತಾನೇ ಮಾಡ್ದೆ. ಹತ್ತೂ ಬೇಡ, ಮೂರನೇದ್ರಲ್ಲೇ ನಿಂತ್ಹೋಯ್ತು. ಆ ಸೀರೀಸಲ್ಲಿ ಒಂದು ಪಾಳುಬಿದ್ದ ಕೋಟೆ ಬಾಗಿಲು ಬರುತ್ತೆ, ನಾನು ಅದರ ಬಗ್ಗೆ ಐದು ಸಾಲು ಬರೆದಿದ್ದೆ, ತುಂಬಾ ಚೆನ್ನಾಗಿ ಬರೆದಿದೀನಿ ಅಂತ ಜಂಬಾನೂ ಇತ್ತು. ಪುಟ ತೆಗೆದು ನೋಡಿದ್ರೆ ಐದರಲ್ಲಿ ನಾಲ್ಕು ಲೇಖಕರದ್ದೇ, ಕಾಮಾ ಸಮೇತ, ನಂದು ಅಂತ ಇದ್ದಿದ್ದು "ಎರಡನೇ ಭಾಗ, ಅಧ್ಯಾಯ 14 ನೋಡಿ" ಅನ್ನೋದಷ್ಟೇ. ಕದ್ದೆ ಅಂತ ಗೊತ್ತಿದ್ದು ಮಾಡಿದ್ದಲ್ಲ, ಅಷ್ಟು ಸಲ ಓದಿ ಓದಿ ಆ ಸಾಲು ನನ್ನದೇ ಅನ್ನಿಸಿಬಿಟ್ಟಿತ್ತು.

ಫ್ರೆಂಡಿಗೆ ಫೋನ್ ಮಾಡಿ ಹೇಳ್ದೆ. "ಹಂಗಾದ್ರೆ ಕಾಮಾ ತೆಗಿ" ಅಂದ.

ಹಳೇಫ್ಯಾನ್:
😂😂 ನಿನ್ನ ಫ್ರೆಂಡ್‌ನ ಇಲ್ಲಿಗೆ ಕರ್ಕೊಂಡ್ ಬಾ ತಮ್ಮ, ಕಪ್ಪುಶಾಯಿ ಸಾರ್ ಕಾಯ್ತಿದಾರೆ. ಆ "ಅಧ್ಯಾಯ 14 ನೋಡಿ" ಮಾತ್ರ ಅಳಿಸ್ಬೇಡ, ಅದೊಂದೇ ನಿಮ್ಮ ಸ್ವಂತದ್ದು.