ಇತಿಹಾಸದ ಇಸವಿ ನೆನಪುಳಿಯಲ್ಲ, ವಾರದ ಹೋಂವರ್ಕ್ ಮುಗಿಯಲ್ಲ. ಏನ್ ಮಾಡ್ಬೇಕ್ರಿ?

ಪ್ರಶ್ನೆ: ಒಬ್ಬ ತಾಯಿ, ಕಲಬುರಗಿ

ನಮಸ್ಕಾರ್ರಿ. ನನ್ನ ಮಗ ಇಲ್ಲೇ ಆರನೇತ್ತಾ ಓದ್ಲತ್ತಾನ. ಗಣಿತ ಹೆಂಗೋ ಹೊಂದಿಸ್ಕೋತಾನ. ಇತಿಹಾಸ ಅಂದ್ರ ಪುಸ್ತಕ ಹಿಡ್ಕೊಂಡು ಜೋರಾಗಿ ಓದೇ ಓದ್ತಾನ, ಮರುದಿನ ಕೇಳಿದ್ರ ಅಮೋಘವರ್ಷ ಬಹಮನಿ ಸುಲ್ತಾನ ಅಂತಾನ. ಯಾರು ಮೊದಲು, ಯಾರು ಆಮ್ಯಾಲ, ಒಂದೂ ಗೊತ್ತಿರಲ್ಲ. ಇನ್ನೊಂದು ಏನಂದ್ರ, ಸೋಮವಾರ ಕೊಟ್ಟ ಪ್ರಾಜೆಕ್ಟ್ ಅವನಿಗೆ ಐತ್ವಾರ ರಾತ್ರಿ ನೆನಪಾಗ್ತದ. ಆ ಹೊತ್ತಿಗೆ ಚಾರ್ಟ್ ಪೇಪರ್ ಎಲ್ಲಿಂದ ತರಬೇಕು?

ನಾನು ಮನ್ಯಾಗ ಹೊಲಿಗಿ ಕೆಲಸ ಮಾಡ್ತೀನಿ, ಸಂಜಿಗೇ ಗಿರಾಕಿ ಜಾಸ್ತಿ. ಪಕ್ಕಕ್ಕ ಕುಂತು ಓದಿಸ್ಲಿಕ್ಕ ಆಗಲ್ಲ. ಟ್ಯೂಷನ್ ಹಚ್ಚಿದ್ರ ಅವನ ಆಟ ಹೋಗ್ತದ, ಅದು ನನಗ ಬ್ಯಾಡ. ಮಕ್ಕಳಿಗೆ ಕಲಿಸಿದವರು ಯಾರರ ಇದ್ರ ಹೇಳ್ರಿ.

ಉತ್ತರ: ನಿವೃತ್ತ ಶಿಕ್ಷಕಿ, ಬೀದರ

ನೋಡಿ ತಂಗಿ, ಜೋರಾಗಿ ಓದೇ ಓದ್ತಾನೆ ಅಂದಿರಲ್ಲ, ತೊಡಕು ಅಲ್ಲೇ ಇದೆ. ಪುಸ್ತಕ ಕಣ್ಣ ಮುಂದಿರುವವರೆಗೆ ಎಲ್ಲ ಬಂದಂತೆಯೇ ಅನಿಸುತ್ತದೆ. ಒಂದು ಪುಟ ಆದ ಮೇಲೆ ಪುಸ್ತಕ ಮುಚ್ಚಿಸಿ, ಏನಾಯ್ತು ಹೇಳು ಅನ್ನಿ. ತಡವರಿಸಲಿ, ನೀವು ಬಾಯಿಗೆ ಹಾಕಬೇಡಿ. ತಾನೇ ನೆನಪಿಸಿಕೊಂಡು ಹೇಳಿದ್ದು ಹೆಚ್ಚು ದಿನ ಉಳಿಯುತ್ತದೆ. ಅದೇ ಪ್ರಶ್ನೆ ಮರುದಿನ ಒಮ್ಮೆ, ನಾಲ್ಕು ದಿನ ಬಿಟ್ಟು ಒಮ್ಮೆ, ಮುಂದಿನ ವಾರ ಮತ್ತೊಮ್ಮೆ ಕೇಳಿ. ಮಷೀನು ತುಳಿಯುತ್ತಲೇ ಕೇಳಬಹುದು. ಉತ್ತರ ಸರಿಯೋ ತಪ್ಪೋ ಅವನೇ ಪುಸ್ತಕ ತೆಗೆದು ನೋಡಿಕೊಳ್ಳಲಿ.

ಇಸವಿಗಿಂತ ಮೊದಲು ಕ್ರಮ ಕೂಡಬೇಕು. ನಮ್ಮ ಭಾಗದ ಮಕ್ಕಳಿಗೆ ಈ ಭಾಗ್ಯವಿದೆ: ರಾಜಧಾನಿಗಳೆಲ್ಲ ನಮ್ಮ ಬಸ್ಸು ಹೋಗುವ ಊರುಗಳೇ. ನಾನು ತರಗತಿಯಲ್ಲಿ ಮೊದಲು ನಾಲ್ಕೇ ಹೆಸರು ಬರೆಸುತ್ತಿದ್ದೆ: ಮಳಖೇಡ, ಕಲ್ಯಾಣ, ಕಲಬುರಗಿ, ಬೀದರ. ನಿಮ್ಮ ಸೇಡಂ ರಸ್ತೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 814ರಲ್ಲಿ ಪಟ್ಟಕ್ಕೆ ಬಂದ ಅಮೋಘವರ್ಷ ಆಳಿದ್ದು ಅಲ್ಲಿಂದ. 972ರಲ್ಲಿ ಮಾಳವದ ಪರಮಾರರು ಆ ನಗರವನ್ನು ಸೂರೆಮಾಡಿದರು, ಮರುವರ್ಷವೇ ಎರಡನೇ ತೈಲಪ ರಾಷ್ಟ್ರಕೂಟರನ್ನು ಕೆಳಗಿಳಿಸಿ ಚಾಲುಕ್ಯರ ಆಳ್ವಿಕೆ ತಂದ. ಮುಂದೆ ಅವರ ರಾಜಧಾನಿ ಕಲ್ಯಾಣವಾಯಿತು, ಈಗಿನ ಬಸವಕಲ್ಯಾಣ. 1076ರಲ್ಲಿ ಆರನೇ ವಿಕ್ರಮಾದಿತ್ಯ ಪಟ್ಟವೇರಿ ತನ್ನ ಹೆಸರಿನ ಶಕೆಯನ್ನೇ ಶುರುಮಾಡಿದ. ಅದರ ಮುಂದಿನ ಶತಮಾನದಲ್ಲಿ ಅದೇ ಊರಿನಲ್ಲಿ ಬಸವಣ್ಣ. 1347ರಲ್ಲಿ ಬಹಮನಿ ರಾಜ್ಯ, ಕಲಬುರಗಿಯಲ್ಲಿ. ಅಹಮದ್ ಶಾ ರಾಜಧಾನಿಯನ್ನು ಬೀದರಿಗೆ ತಂದ. ಇಲ್ಲಿ ಬಹಮನಿ ಮಂತ್ರಿ ಮಹಮೂದ್ ಗಾವಾನ್ ಕಟ್ಟಿಸಿದ ಮದರಸಾ 1472ರದು.

ನಿಮ್ಮ ಹತ್ತಿರ ಅಳತೆ ಟೇಪು ಇದ್ದೇ ಇರುತ್ತದೆ. ಸೆಂಟಿಮೀಟರ್ ಇರುವ ಬದಿ ಮೇಲೆ ಮಾಡಿ ಗೋಡೆಗುಂಟ ಅಡ್ಡಕ್ಕೆ ಅಂಟಿಸಿ. ಸೊನ್ನೆ ಅಂದರೆ ಇಸವಿ 800, ಒಂದು ಸೆಂಟಿಮೀಟರಿಗೆ ಹತ್ತು ವರ್ಷ. ಅಮೋಘವರ್ಷ ಒಂದೂವರೆಯ ಹತ್ತಿರ ಬರುತ್ತಾನೆ, ವಿಕ್ರಮಾದಿತ್ಯ ಇಪ್ಪತ್ತೇಳು ದಾಟಿ, ಬಹಮನಿ ಐವತ್ತೈದರ ಹತ್ತಿರ. ಚೀಟಿಗಳನ್ನು ಹುಡುಗನೇ ಬರೆದು ಹಚ್ಚಲಿ. ಇಬ್ಬರ ನಡುವಿನ ಐದುನೂರು ವರ್ಷ ಗೋಡೆಯ ಮೇಲೆ ಕಂಡರೆ, ಅಮೋಘವರ್ಷನನ್ನು ಸುಲ್ತಾನ ಅನ್ನುವುದು ತಾನಾಗಿ ನಿಲ್ಲುತ್ತದೆ.

ಉತ್ತರ: ಒಬ್ಬ ತಂದೆ, ಸುರಪುರ (ಯಾದಗಿರಿ ಜಿಲ್ಲಾ)

ಅಕ್ಕಾರ, ವಾರದ ಕೆಲಸದ್ದು ನಾ ಹೇಳ್ತೀನಿ. ನಮ್ಮ ಹುಡುಗಿ ಐದನೇತ್ತಾ. ಶನಿವಾರ ಸಾಲಿ ಅರ್ಧ ದಿನ. ಮನಿಗೆ ಬಂದು ಊಟ ಆದ್ಮ್ಯಾಲ ಚೀಲ ಪೂರಾ ನೆಲಕ್ಕ ಸುರಿತಾಳ. ಹಳೆ ಕ್ಯಾಲೆಂಡರ್ ಹಾಳಿ ಹಿಂದ ಬರುವ ವಾರದ ಕೆಲಸ ಅಕಿನ ಕೈಲಿಂದನೇ ಬರಸ್ತೀವಿ. ನಾವು ಬರದು ಕೊಟ್ರ ಅದು ನಮ್ಮ ಕೆಲಸ ಆಗ್ತದ. ಅಂಗಡಿಯಿಂದ ತರೋ ಸಾಮಾನಿಗೆ ಗೆರಿ ಎಳಿತಾಳ, ಅದನ್ನ ನಾ ಅವತ್ತೇ ತರ್ತೀನಿ. ವಾರದ ನಡುವ ಹೊಸಾದು ಕೊಟ್ರ ಅವತ್ತು ಸಂಜಿಗೇ ಅದೇ ಹಾಳಿ ಮ್ಯಾಲ ಏರಬೇಕು. ದೊಡ್ಡ ಪ್ರಾಜೆಕ್ಟ್ ಇದ್ರ ತುಂಡು ಮಾಡ್ತೀವಿ: ಒಂದಿನ ಚಿತ್ರ, ಒಂದಿನ ಬರಹ, ಒಂದಿನ ಅಂಟಿಸೋದು. ಬುಧವಾರ ಏನೂ ಹಾಕಲ್ಲ, ಉಳಿದದ್ದು ಆಗಿನ್ನ ಮುಗಿತದ. ಇಲ್ಲಂದ್ರ ಆಟ.

ಇತಿಹಾಸಕ್ಕ ಮನಿ ಹಿರಿಯರನ್ನ ಬಿಡಬ್ಯಾಡ್ರಿ. ನಮ್ಮವ್ವ ರಜಾಕಾರರ ಕಾಲದ್ದು ತನ್ನ ತಾಯಿಂದ ಕೇಳಿದ್ದನ್ನ ಮೊಮ್ಮಗಳಿಗೆ ಹೇಳಿದ್ಲು. ದೇಶಕ್ಕ 15 ಆಗಸ್ಟ್ 1947, ನಿಜಾಮನ ಕೈಯಾಗಿದ್ದ ನಮ್ಮ ಭಾಗಕ್ಕ 17 ಸೆಪ್ಟೆಂಬರ್ 1948, ಎರಡೂ ತಾರೀಖು ಅಕಿ ಮರ್ತಿಲ್ಲ.

ಉತ್ತರ: ಕಲಬುರಗಿಯಿಂದ

ಪ್ರಶ್ನೋತ್ತರ ಐದೈದು ಸಲ ಬರೆಸ್ರಿ ಅಕ್ಕಾ. ನಾವೆಲ್ಲ ಹಂಗೇ ಕಲ್ತೀವಿ.

ಉತ್ತರ: ನಿವೃತ್ತ ಶಿಕ್ಷಕಿ, ಬೀದರ

ಬರೆಯಲಿ ಅಣ್ಣಾ, ಆದರೆ ನೋಡಿ ಬರೆಯುವುದು ಬೇಡ. ಒಮ್ಮೆ ನೋಡದೆ ಬರೆದು, ಆಮೇಲೆ ಪುಸ್ತಕದ ಜೊತೆ ಹೋಲಿಸಿ ಕೆಂಪು ಪೆನ್ನಿನಿಂದ ತಾನೇ ತಿದ್ದಿಕೊಂಡರೆ ಐದು ಸಲದ ನಕಲಿಗಿಂತ ಹೆಚ್ಚು ಉಪಯೋಗ. ಮಗುವಿನ ಸಂಜೆಯೂ ಉಳಿಯುತ್ತದೆ.

ಪ್ರಶ್ನೆ ಕೇಳಿದವರು: ಕಲಬುರಗಿ

ಟೀಚರ್, ಟೇಪು ಹಚ್ಚೀವ್ರಿ. ಭಾಳ ಖುಷಿ ಪಟ್ಟಾನ. 1948 ಎಲ್ಲಿ ಅಂತ ಅವನೇ ಲೆಕ್ಕ ಹಾಕಿ ನೂರಾ ಹದಿನೈದರ ಹತ್ರ ಚೀಟಿ ಹಚ್ಚಿದ. ಈಗ ಕಲ್ಯಾಣಕ್ಕೂ ಕಲಬುರಗಿಗೂ ನಡುವ ಇಷ್ಟು ಜಾಗ ಖಾಲಿ ಯಾಕ, ಆಗ ಯಾರಿದ್ರು ಅಂತ ಕೇಳ್ಲತ್ತಾನ.

ಉತ್ತರ: ನಿವೃತ್ತ ಶಿಕ್ಷಕಿ, ಬೀದರ

ಸರಿಯಾದ ಪ್ರಶ್ನೆ ಕೇಳಿದ್ದಾನೆ! ಆಗ ಕಳಚುರಿ ಬಿಜ್ಜಳ, ಆಮೇಲೆ ದೇವಗಿರಿಯ ಸೇವುಣರು, ಅವರ ನಂತರ ದಿಲ್ಲಿ ಸುಲ್ತಾನರು. ದಿಲ್ಲಿಯ ತುಘಲಕನ ವಿರುದ್ಧ ದಂಗೆ ಎದ್ದವರಿಂದಲೇ ಬಹಮನಿ ರಾಜ್ಯ ಹುಟ್ಟಿತು. ಮೂರು ಚೀಟಿ ಬರೆಸಿ. ಬಿಡುವಾದ ಐತ್ವಾರ ಕಲಬುರಗಿ ಕೋಟೆಗೆ ಕರೆದುಕೊಂಡು ಹೋಗಿ, ಒಳಗಿನ ಜಾಮಿ ಮಸೀದಿ 1367ರದು. ಉಳಿದ ಮಸೀದಿಗಳಂತೆ ಅದಕ್ಕೆ ತೆರೆದ ಅಂಗಳವಿಲ್ಲ, ಪೂರ್ತಿ ಮಾಡು ಹೊದಿಸಿದ್ದಾರೆ. ಅದನ್ನು ನೀವು ಹೇಳಬೇಡಿ, ಏನು ಬೇರೆ ಕಾಣುತ್ತದೆ ಅಂತ ಅವನನ್ನೇ ಕೇಳಿ.